ಏಳು ಹೆಡೆಗೆ ಹಾಲು

ವಿಮಾನ ಸಮುದ್ರದ ಮೇಲೆ ಎರಡು ಸಲ ಕುಲುಕಾಡಿದಾಗಲೂ ಜಗ್ಗದೆ ಕೂತಿದ್ದ ಕುಸುಮಾವತಿಯ ಎದೆ, ಮಗಳ ಮಲಗುವ ಕೋಣೆಗೆ ಕಾಲಿಟ್ಟ ಕೂಡಲೇ ಝಲ್ಲೆಂದಿತು. ಮಂಚಕ್ಕೆ ಎದುರಾಗಿ, ಬೆಳಿಗ್ಗೆ ಕಣ್ಣು ಬಿಟ್ಟರೆ ಮೊದಲು ಕಾಣುವ ಜಾಗದಲ್ಲಿ, ಗಾಜು ಹಾಕಿದ ದೊಡ್ಡ ಚಿತ್ರವೊಂದು ತೂಗುತ್ತಿತ್ತು. ಬಣ್ಣವಿಲ್ಲ, ಬರೀ ಕಪ್ಪು ಗೆರೆ. ಎಡಗಡೆ ಒಬ್ಬ ಹೆಂಗಸು. ತಲೆಯ ಸುತ್ತ ನಕ್ಷತ್ರ, ಕಾಲಡಿ ಬಾಗಿದ ಚಂದ್ರ, ಬೆನ್ನಿಗೆ ರೆಕ್ಕೆ. ಬಲಗಡೆ ಏಳು ತಲೆಯ ಸರ್ಪ. ಏಳೂ ತಲೆಗೆ ಕಿರೀಟ, ಅಷ್ಟೂ ಬಾಯಿ ಆ ಹೆಂಗಸಿನ ಕಡೆಗೇ.

"ಎಂತದು ಮಾರಾಯ್ತಿ ಇದು?" ಅಂದಳು ಕುಸುಮಾವತಿ, ಕೈಚೀಲ ಇನ್ನೂ ಕೆಳಗಿಟ್ಟಿರಲಿಲ್ಲ.

"ಹಳೇ ಕಾಲದ ಚಿತ್ರ ಅಮ್ಮ," ಅಂದಳು ಗಿರಿಜಾ. ಏಳು ತಿಂಗಳ ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡು ಬಾಗಿಲಿಗೆ ಒರಗಿದ್ದಳು. "ಐನೂರು ವರ್ಷದ ಹಿಂದೆ ಜರ್ಮನಿಯಲ್ಲಿ ಒಬ್ಬ ಮರದ ಹಲಗೆಯಲ್ಲಿ ಕೆತ್ತಿ ಅಚ್ಚು ಹಾಕಿದ್ದು. ಬೈಬಲಿನ ಕಡೆಯಲ್ಲಿ ಪ್ರಳಯದ ಕಥೆ ಉಂಟಲ್ಲ, ಅದರ ಚಿತ್ರ. ಇದು ಅದರ ನಕಲು."

"ಆ ಹಾವು ಯಾಕೆ ಬಾಯಿ ತೆರೆದುಕೊಂಡು ನಿಂತದ್ದು?"

ತಾಯಿಗೆ ಸುಳ್ಳು ಹೇಳುವ ಅಭ್ಯಾಸ ಗಿರಿಜಾಳಿಗೆ ಚಿಕ್ಕಂದಿನಿಂದಲೂ ಇರಲಿಲ್ಲ, ಅದೇ ಅವಳ ದೊಡ್ಡ ತೊಂದರೆ. "ಅವಳಿಗೆ ಹೆರಿಗೆ ಬೇನೆ. ಮಗು ಹುಟ್ಟಿದ ಕೂಡಲೇ ನುಂಗ್ಲಿಕ್ಕೆ ಕಾಯ್ತಾ ಉಂಟು."

ಇನ್ನು ಕುಸುಮಾವತಿಗೆ ಆ ರಾತ್ರಿ ನಿದ್ದೆ ಹತ್ತಿದರೆ ಕೇಳಿ!

ಅವಳನ್ನು ದೂರಿ ಫಲವಿಲ್ಲ. ಮೂರು ವರ್ಷದ ಹಿಂದೆ, ಗಿರಿಜಾ ಮತ್ತು ಗುರುದತ್ತ ಮೆಲ್ಬರ್ನಿನಲ್ಲಿದ್ದಾಗ, ದಿನ ತುಂಬಿದ ಮಗು ಹೊಟ್ಟೆಯಲ್ಲೇ ತೀರಿಹೋಗಿತ್ತು. ಸುದ್ದಿ ಫೋನಿನಲ್ಲಿ ಉಡುಪಿಗೆ ಬಂದ ವಾರವೇ ಕುಸುಮಾವತಿಯ ಗಂಡ ಹೋಗಿ ಅಣ್ಣು ಜೋಯಿಸರ ಹತ್ತಿರ ಪ್ರಶ್ನೆ ಕೇಳಿಸಿದ್ದ. ಕವಡೆ ಮಗುಚಿ ಜೋಯಿಸರು ಹೇಳಿದ್ದು ಒಂದೇ ಮಾತು: ನಾಗನ ಮುನಿಸು. ಗಂಡ ಹೆಂಡತಿ ನಾಗನ ಶಾಂತಿಗೆ ಆಶ್ಲೇಷಾ ಬಲಿ ಮಾಡಿಸಿದರು, ಕುಟುಂಬದ ನಾಗಬನದಲ್ಲಿ ಕೈಮುಗಿದು ತಪ್ಪುಕಾಣಿಕೆ ಹಾಕಿದರು. ಮಗಳಿಗೆ ಒಂದಕ್ಷರ ಹೇಳಲಿಲ್ಲ. ಹೇಳಿದರೆ ಮತ್ತೆ ಅದೇ ನೆನಪು, ಮರೆತಷ್ಟೂ ಒಳ್ಳೆಯದು ಅಂತ ಕುಸುಮಾವತಿಯ ಲೆಕ್ಕ. ಈಗ ದೇವರು ಮತ್ತೆ ಕಣ್ಣು ಬಿಟ್ಟಿದ್ದಾನೆ ಅಂತ ಸಮುದ್ರ ದಾಟಿ ಬಾಣಂತನಕ್ಕೆ ಬಂದರೆ, ಯಾರ ಮುನಿಸಿಗೆ ಅಂಜಿ ಅಷ್ಟೆಲ್ಲ ಮಾಡಿಸಿದ್ದಳೋ ಅವನೇ ಮಗಳ ಮಂಚದೆದುರು ಬಾಯಿ ಕಳೆದು ನಿಂತಿದ್ದಾನೆ.

ಮರುದಿನ ನಯವಾಗಿ ಕೇಳಿ ನೋಡಿದಳು. "ಹೆರಿಗೆ ಆಗುವವರೆಗೆ ಅದನ್ನು ಆಚೆ ಇಡುವನಾ?"

"ಅದು ಇರ್ಲಿ ಅಮ್ಮ."

"ಬೇರೆ ಎಂತಾದ್ರೂ ಹಾಕು. ನಾನು ಕೃಷ್ಣನ ಕ್ಯಾಲೆಂಡರ್ ತಂದಿದ್ದೇನೆ."

"ಕೃಷ್ಣನನ್ನು ಅಡಿಗೆ ಮನೆಯಲ್ಲಿ ಹಾಕು. ಇದು ಇರ್ಲಿ."

ಮಗಳ ದನಿಯಲ್ಲಿ ಸಿಟ್ಟಿರಲಿಲ್ಲ. ಆದರೆ ಬಾಗಿಲು ಮೆಲ್ಲಗೆ ಹಾಕಿ ಒಳಗಿನಿಂದ ಚಿಲಕ ಸರಿಸಿದ ಹಾಗಿತ್ತು. ಕುಸುಮಾವತಿ ಸೋಲುವವಳಲ್ಲ. ಗಿರಿಜಾ ಆಸ್ಪತ್ರೆಯ ಲ್ಯಾಬಿನ ಕೆಲಸಕ್ಕೆ ಹೋದ ಮೇಲೆ ಚಿತ್ರವನ್ನು ಗೋಡೆಗೆ ಮುಖಮಾಡಿ ತಿರುಗಿಸುವಳು. ಸಂಜೆ ಅದು ಮತ್ತೆ ಈಚೆ ನೋಡುತ್ತಿರುವುದು. ಅದರ ಮೇಲೆ ಕ್ಯಾಲೆಂಡರ್ ತೂಗುಹಾಕಿದಳು. ಬೆಳಿಗ್ಗೆ ಎದ್ದು ನೋಡಿದರೆ ಕೃಷ್ಣ ಫ್ರಿಜ್ಜಿನ ಮೇಲೆ ಅಂಟಿಕೊಂಡಿದ್ದ. ಇಬ್ಬರೂ ಈ ಬಗ್ಗೆ ಚಕಾರ ಎತ್ತುತ್ತಿರಲಿಲ್ಲ. ಮೆಲ್ಬರ್ನ್ ಬಿಟ್ಟು ಬಂದ ಮೇಲೆ ಹಿಡಿದ, ವೆಸ್ಟ್‌ಮೀಡ್ ಸ್ಟೇಷನ್ನಿನ ಪಕ್ಕದ ಆ ಪುಟ್ಟ ಬಾಡಿಗೆ ಫ್ಲ್ಯಾಟಿನಲ್ಲಿ ತಾಯಿ ಮಗಳು ಗಂಜಿ ಉಣ್ಣುತ್ತ, ಪ್ಯಾರಮಟ್ಟಾದ ಅಂಗಡಿಯಲ್ಲಿ ಸಿಕ್ಕ ಬಸಳೆಯ ಬಗ್ಗೆ ಮಾತಾಡುತ್ತ, ಯುದ್ಧ ಮಾತ್ರ ಬಿಡದೆ ಮಾಡುತ್ತಿದ್ದರು.

ಒಮ್ಮೆ ಅಳಿಯನ ಹತ್ತಿರ ಪಿಸುಗುಟ್ಟಿದಳು. "ನೀವಾದ್ರೂ ಹೇಳಿ ಅವಳಿಗೆ."

ಗುರುದತ್ತ ಮಾತು ಕಡಿಮೆಯ ಮನುಷ್ಯ. ಬೂಟಿನ ದಾರ ಕಟ್ಟುತ್ತಿದ್ದವನು ತಲೆ ಎತ್ತಲಿಲ್ಲ. "ಅತ್ತೆ, ಅದೊಂದು ಮಾತ್ರ ನನ್ನಿಂದ ಆಗುದಿಲ್ಲ," ಅಂದು ಆಫೀಸಿಗೆ ಹೊರಟುಹೋದ.

ಹೀಗಿರುವಾಗ ನಾಗರಪಂಚಮಿ ಬಂತು. ಆ ದಿನ ಊರಿನಲ್ಲಾದರೆ ಕುಸುಮಾವತಿ ಮಿಂದು, ಹಾಲು, ಎಳನೀರು, ಅರಿಶಿನ, ಹಿಂಗಾರ ಹಿಡಿದು ನಾಗಬನಕ್ಕೆ ಹೋಗಿ, ನಾಗನ ಕಲ್ಲಿಗೆ ಹಾಲೆರೆದು ತಂಪು ಮಾಡಿ ಬರುವವಳು. ತನು ಎರೆಯುವುದು ಅಂತಾರೆ ಅದಕ್ಕೆ. ಇಲ್ಲಿ ಬನ ಎಲ್ಲಿ, ಕಲ್ಲು ಎಲ್ಲಿ? ಅಡಿಕೆಯ ಹಿಂಗಾರವನ್ನು ಜತನವಾಗಿ ಸುತ್ತಿ ತಂದಿದ್ದಳು. ವಿಮಾನ ನಿಲ್ದಾಣದಲ್ಲಿ ಕೈಗೆ ಗ್ಲೌಸು ಹಾಕಿದ ಹುಡುಗಿಯೊಬ್ಬಳು ನಗುನಗುತ್ತಲೇ ಅದನ್ನು ಕಸದ ಡಬ್ಬಕ್ಕೆ ಹಾಕಿದ್ದಳು. ಗಂಡ ಹೆಂಡತಿ ಬೆಳಿಗ್ಗೆಯೇ ಆಸ್ಪತ್ರೆಯ ತಪಾಸಣೆಗೆ ಹೋಗಿದ್ದರು. ಮನೆಯಲ್ಲಿ ಒಬ್ಬಳೇ. ಮಿಂದು ಬಂದು, ಹಬ್ಬದ ದಿನ ಕೈ ಕಟ್ಟಿ ಕೂತಿರಲಾಗದೆ ಅತ್ತಿತ್ತ ಸುಳಿದಾಡುತ್ತಿದ್ದವಳು ಕೋಣೆಯ ಬಾಗಿಲಲ್ಲಿ ನಿಂತುಬಿಟ್ಟಳು.

ಈ ಮನೆಯಲ್ಲಿ ಇರುವ ನಾಗ ಇವನೊಬ್ಬನೇ. ತೆಗೆದುಹಾಕಲು ಮಗಳು ಬಿಡುವುದಿಲ್ಲ. ಹಸಿದ ಬಾಯಿಯಲ್ಲಿ ಹಾಗೇ ಬಿಡಲು ತನಗೆ ಧೈರ್ಯವಿಲ್ಲ. ಹಾಗಾದರೆ ಉಳಿದ ದಾರಿ ಒಂದೇ ಅಲ್ಲವೇ? ಇಷ್ಟು ದಿನ ಇದು ಹೊಳೆಯಲಿಲ್ಲವಲ್ಲ ಅಂತ ತನ್ನ ಪೆದ್ದುತನಕ್ಕೆ ತಾನೇ ನಾಚಿದಳು.

ಚೌಕಟ್ಟು ಇಳಿಸಿ, ಹಿಂದಿನ ಮೊಳೆಗಳನ್ನು ಬೆಣ್ಣೆ ಹಚ್ಚುವ ಚಾಕುವಿನಿಂದ ಬಿಡಿಸಿ, ಕಾಗದವನ್ನು ಅಡಿಗೆಮನೆಯ ಕಟ್ಟೆಯ ಮೇಲೆ ಅಂಗಾತ ಹಾಸಿದಳು. ಹತ್ತಿರದಿಂದ ನೋಡಿದರೆ ಸರ್ಪದ ಏಳು ತಲೆ ಏಳು ತರ. ಒಂದಕ್ಕೆ ಒಂಟೆಯ ಮೂತಿ, ಒಂದಕ್ಕೆ ಟಗರಿನ ಕೊಂಬು, ಮತ್ತೊಂದು ಬಾಯಿಯಿಂದ ನೀರು ಕಾರುತ್ತಿತ್ತು. ನಮ್ಮ ನಾಗನ ಹೋಲಿಕೆ ಒಂದಕ್ಕೂ ಇಲ್ಲ. ಪರದೇಶದ ನಾಗ ಹೀಗಿರುತ್ತಾನೇನೋ, ಕಿರೀಟ ಇದೆಯಲ್ಲ, ದೇವರೇ ಇರಬೇಕು ಅಂದುಕೊಂಡಳು. ಒಂದೊಂದೇ ನೆತ್ತಿಗೆ ಅರಿಶಿನ ಹಚ್ಚಿದಳು. ಚಮಚದಲ್ಲಿ ಹಾಲು ತೆಗೆದು ಒಂದೊಂದೇ ಬಾಯಿಗೆ ಎರೆದಳು. "ಹೊಟ್ಟೆ ತಂಪು ಮಾಡಿಕೊ ಸ್ವಾಮಿ. ನನ್ನ ಮಗಳ ಕಡೆ ನೋಡ್ಬೇಡ. ಒಮ್ಮೆ ಆದದ್ದು ಸಾಕು. ನಿನಗೆ ಬೇಕಾದರೆ ನನ್ನನ್ನು ತಗೊ." ಕಣ್ಣು ಮುಚ್ಚಿ ಕೈ ಮುಗಿದಳು. ಮೂರು ವರ್ಷ ಅದುಮಿಟ್ಟ ಅಳು ಅಲ್ಲೇ, ಆ ಸಿಂಕಿನ ಪಕ್ಕದಲ್ಲಿ, ಬಳಬಳನೆ ಬಂತು.

ಕಣ್ಣು ಬಿಟ್ಟು ನೋಡಿದರೆ ಕಾಗದ ಹಾಲು ಕುಡಿದು ಉಬ್ಬಿತ್ತು. ಅರಿಶಿನ ತಲೆಯಿಂದ ಕೊರಳಿಗೆ ಇಳಿದಿತ್ತು. ಒರೆಸಲು ಹೋದಷ್ಟೂ ಹರಡಿತು. ಆಗಲೇ ಬಾಗಿಲಿಗೆ ಕೀಲಿ ತಿರುಗಿದ ಸದ್ದು.

ಗಿರಿಜಾ ಒಳಗೆ ಬಂದಳು, ಹಿಂದೆ ಗುರುದತ್ತ. ಖಾಲಿ ಚೌಕಟ್ಟು ಕುರ್ಚಿಯ ಮೇಲಿತ್ತು. ಅವಳು ನೇರವಾಗಿ ಕಟ್ಟೆಯ ಹತ್ತಿರ ಬಂದು, ಹೊಟ್ಟೆ ಅಡ್ಡವಾಗುತ್ತಿದ್ದರೂ ಕಷ್ಟಪಟ್ಟು ಬಗ್ಗಿ, ಚಿತ್ರದ ಮೇಲ್ಭಾಗವನ್ನು ಬೆರಳ ತುದಿಯಿಂದ ಸವರಿ ನೋಡಿದಳು. ಮತ್ತೊಮ್ಮೆ ಸವರಿದಳು.

"ಇಲ್ಲಿಗೆ ಬರ್ಲಿಲ್ಲ," ಅಂದಳು ಗಂಡನ ಕಡೆ ತಿರುಗಿ. "ಇಲ್ಲಿ ಒಣಗಿಯೇ ಉಂಟು."

"ಎಂತ ಉಂಟು ಅಲ್ಲಿ?" ಅಂದಳು ಕುಸುಮಾವತಿ, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ.

"ನೋಡು ಅಮ್ಮ. ನೀನು ಹಾವನ್ನು ಮಾತ್ರ ನೋಡಿದ್ದು."

ಕನ್ನಡಕ ಏರಿಸಿ ನೋಡಿದಳು. ನಿಜ, ಇಷ್ಟು ದಿನ ಆ ಸರ್ಪ ಅವಳ ಕಣ್ಣನ್ನು ಆಚೀಚೆ ಹೋಗಲು ಬಿಟ್ಟಿರಲಿಲ್ಲ. ಹೆಂಗಸಿನ ತಲೆಯ ಮೇಲೆ, ಆಕಾಶದಲ್ಲಿ, ರೆಕ್ಕೆಯಿರುವ ಎರಡು ಪುಟ್ಟ ಮಕ್ಕಳು ಒಂದು ಬಟ್ಟೆಯ ಎರಡು ತುದಿ ಹಿಡಿದು ಹಾರುತ್ತಿದ್ದವು. ಬಟ್ಟೆಯ ಮಡಿಲಲ್ಲಿ ಒಂದು ಎಳೆಯ ಮಗು. ಹೆಬ್ಬೆರಳಿನ ಉಗುರಿನಷ್ಟು. ಸರ್ಪದ ಒಂದು ಬಾಯಿಯೂ ಅಲ್ಲಿಗೆ ಮುಟ್ಟುವಂತಿರಲಿಲ್ಲ.

ಗಿರಿಜಾ ಕುರ್ಚಿ ಎಳೆದು ಕೂತಳು. ಮೂರು ವರ್ಷದಿಂದ ಹೇಳದ್ದನ್ನು ಹೇಳತೊಡಗಿದಳು.

"ಮೆಲ್ಬರ್ನಿನಲ್ಲಿ ಆಸ್ಪತ್ರೆಯಿಂದ ಬಂದ ಮೇಲೆ ಮನೆಯಲ್ಲಿ ಕೂತ್ಕೊಳ್ಳಿಕ್ಕೇ ಆಗ್ತಿರ್ಲಿಲ್ಲ. ಎದೆಯಲ್ಲಿ ಹಾಲು ಬರ್ತಿತ್ತು, ಕುಡಿಯುವವರು ಇರ್ಲಿಲ್ಲ. ಟ್ರಾಮ್ ಹತ್ತಿ ಎಲ್ಲಿಗಾದ್ರೂ ಹೋಗ್ತಿದ್ದೆ. ಒಂದು ದಿನ ಜೋರು ಮಳೆ ಬಂತು ಅಂತ ಗ್ಯಾಲರಿಯೊಳಗೆ ನುಗ್ಗಿದೆ. ಈ ಪ್ರಳಯದ ಚಿತ್ರಗಳನ್ನೆಲ್ಲ ಸಾಲಾಗಿ ಹಾಕಿದ್ರು. ಕುದುರೆಯವರು ನಾಲ್ಕು ಜನ ಬಂದು ರಾಜರನ್ನೂ ಹೆಂಗಸರನ್ನೂ ತುಳಿಯುದು, ನಕ್ಷತ್ರ ಎಲ್ಲ ಉದುರಿ ಬೀಳುದು, ಜನ ಗುಹೆಯಲ್ಲಿ ಅಡಗುದು. ಹೊರಗೆ ಎಲ್ಲರೂ ಕೊಡೆ ಹಿಡ್ಕೊಂಡು ಏನೂ ಆಗದ ಹಾಗೆ ಆಫೀಸಿಗೆ ಹೋಗ್ತಿದ್ರು ಅಮ್ಮ. ಅಲ್ಲಿ ಒಳಗೆ ಮಾತ್ರ, ನಂಗೆ ಆದದ್ದು ಯಾರಿಗೋ ಗೊತ್ತುಂಟು ಅನ್ನಿಸಿತು. ಆಮೇಲೆ ಇದನ್ನು ನೋಡಿದೆ. ನರ್ಸ್ ಸಹ ಹೀಗೇ, ಬಟ್ಟೆಯಲ್ಲಿ ಹೀಗೇ, ತಂದು ಕೊಟ್ಟದ್ದು. ಅವಳಿಗೆ ತಲೆ ತುಂಬ ಕೂದಲಿತ್ತು."

ಅವಳಿಗೆ. ಹಾಗಾದರೆ ಹೆಣ್ಣು ಮಗು. ಕುಸುಮಾವತಿ ಅದನ್ನೂ ಕೇಳಿರಲಿಲ್ಲ. ಮೂರು ವರ್ಷದಲ್ಲಿ ಒಮ್ಮೆಯೂ ಬಾಯಿ ಬಿಟ್ಟು, ಗಂಡೋ ಹೆಣ್ಣೋ ಅಂತ ಕೇಳಿರಲಿಲ್ಲ. ಫೋನಿನಲ್ಲಿ ಅವಳು ಹೇಳಿದ್ದೆಲ್ಲ ಒಂದೇ ಸಮ ಬುದ್ಧಿವಾದ: ಮುಖ ನೋಡಬೇಡ, ಮಣ್ಣು ಮಾಡುವಲ್ಲಿಗೆ ನೀನು ಹೋಗಬೇಡ, ಗುರುದತ್ತ ಹೋಗಿ ಬರಲಿ, ಹಸಿ ಮೈ, ಮರೆತುಬಿಡು. ಮಗಳ ಒಳ್ಳೆಯದಕ್ಕೇ ಹೇಳಿದ್ದು. ತನಗೇ ಹೀಗಾಗಿದ್ದರೆ ತನ್ನ ತಾಯಿಯೂ ಹಾಗೇ ಹೇಳುತ್ತಿದ್ದಳು, ಸಂಶಯವೇ ಇಲ್ಲ.

"ನರ್ಸ್ ಕೇಳಿದ್ಳು ಅಮ್ಮ, ಮಗುವನ್ನು ಮೀಯಿಸ್ತೀಯಾ ಅಂತ," ಅಂದಳು ಗಿರಿಜಾ. "ಬೆಚ್ಚಗಿನ ನೀರು ಸಹ ತಂದಿದ್ಳು. ನಂಗೆ ಬರುದಿಲ್ಲ ಅಂದೆ. ಮೀಯಿಸುದು ನೀನಲ್ವಾ? ನಂಗೆ ಹೇಗೆ ಗೊತ್ತು? ಮೀಯಿಸದೇ ಕಳಿಸಿದೆ."

ಬಂಧುಬಳಗದ ಎಷ್ಟು ಮಕ್ಕಳನ್ನು ಕುಸುಮಾವತಿ ಕಾಲು ಚಾಚಿ ಮಲಗಿಸಿಕೊಂಡು ಮೀಯಿಸಿದ್ದಾಳೆ, ಮೂಗು ನೀವಿದ್ದಾಳೆ, ಧೂಪ ಹಿಡಿದಿದ್ದಾಳೆ! ಸ್ವಂತ ಮೊಮ್ಮಗಳಿಗೆ ಒಂದು ಚೊಂಬು ನೀರು ಹುಯ್ಯುವ ಭಾಗ್ಯ ಇರಲಿಲ್ಲ. ಮಗಳ ತಲೆಯನ್ನು ಹೊಟ್ಟೆಗೆ ಒತ್ತಿಕೊಂಡಳು. ಕೈಗೆ ಮೆತ್ತಿದ್ದ ಅರಿಶಿನ ಗಿರಿಜಾಳ ಕೂದಲಿಗೆಲ್ಲ ಹತ್ತಿತು. ಇಬ್ಬರೂ ಅತ್ತರು. ಗುರುದತ್ತ ಏನು ಮಾಡಬೇಕೆಂದು ತಿಳಿಯದೆ ಚಹಾಕ್ಕೆ ನೀರಿಟ್ಟ. ಗಂಡಸರಿಗೆ ಇಂಥ ಹೊತ್ತಿನಲ್ಲಿ ಒಲೆಯೊಂದು ಇದ್ದರೆ ಎಷ್ಟೋ ಅನುಕೂಲ.

"ನಾನು ಹಾಳು ಮಾಡಿದೆ ಇದನ್ನು," ಅಂದಳು ಕುಸುಮಾವತಿ ಕಡೆಗೆ. "ಬೇರೆ ತರಿಸುವ."

"ಬೇಡ." ಗಿರಿಜಾ ಒದ್ದೆ ಕಾಗದವನ್ನು ಮೆಲ್ಲಗೆ ಎತ್ತಿ, ಕೂದಲು ಒಣಗಿಸುವ ಮಿಷನ್ನು ತಂದು ಗಾಳಿ ಬಿಟ್ಟಳು. ಚಿತ್ರ ಸೊಟ್ಟಸೊಟ್ಟಗೆ ಒಣಗಿತು. ಏಳು ಹಳದಿ ತಲೆಯ ಸರ್ಪ ಮತ್ತೆ ಗೋಡೆ ಏರಿತು. ಅದನ್ನು ನೋಡಿ ತಾಯಿಯೇ ಅಂದಳು: "ಇರ್ಲಿ ಬಿಡು. ಹಾಲು ಕುಡಿದಾಯ್ತಲ್ಲ, ಇನ್ನು ಅವನು ಎಂತ ಮಾಡುದಿಲ್ಲ." ಹಾಗಂದರೂ ಅವಳ ಹೆದರಿಕೆ ಪೂರ್ತಿ ಹೋಗಿರಲಿಲ್ಲ. ಎಂಟು, ಒಂಬತ್ತು ಅಂತ ತಿಂಗಳು ಏರಿದ ಹಾಗೆ, ಮಗು ಒದೆಯಿತಾ ಅಂತ ದಿನವೂ ಹೊಟ್ಟೆ ಮುಟ್ಟಿ ನೋಡುತ್ತಿದ್ದಳು, ಜೀವ ಕೈಯಲ್ಲಿ ಹಿಡಿದುಕೊಂಡು.

ಅಕ್ಟೋಬರಿನಲ್ಲಿ ತುಷಾರ್ ಹುಟ್ಟಿದ. ಆಸ್ಪತ್ರೆಯ ಓಣಿಯಲ್ಲಿ ಅವನ ಅಳು ಕೇಳಿಸಿದಾಗ ಕುಸುಮಾವತಿ ಗೋಡೆ ಹಿಡಿದುಕೊಂಡು ನಿಂತಳು. ಇಷ್ಟು ಚಂದದ ಗಲಾಟೆ ಅವಳು ಜನ್ಮದಲ್ಲಿ ಕೇಳಿರಲಿಲ್ಲ. ಮನೆಗೆ ಬಂದ ಮೇಲೆ ಬಚ್ಚಲಿನ ಟಬ್ಬಿನೊಳಗೇ ಮಣೆ ಹಾಕಿ ಕೂತು, ಕಾಲು ಚಾಚಿ, ತುಷಾರನಿಗೆ ಎಣ್ಣೆ ಹಚ್ಚಿ ಮೀಯಿಸಿದಳು. ಗಿರಿಜಾಳನ್ನು ಬಾಗಿಲಲ್ಲಿ ನಿಲ್ಲಲು ಬಿಡಲಿಲ್ಲ. "ಇಲ್ಲಿ ಬಾ, ಕೂತ್ಕೊ, ಕಾಲು ಚಾಚು," ಅಂದಳು. "ಕುತ್ತಿಗೆ ಹೀಗೆ ಹಿಡಿ. ನೀರು ಮೊದಲು ನಿನ್ನ ಮೊಣಕಾಲಿಗೆ ಹುಯ್ದು ನೋಡು." ಮೊದಮೊದಲು ಮಗಳು ಕುತ್ತಿಗೆ ಮಾತ್ರ ಹಿಡಿಯುವಳು, ನೀರು ಹುಯ್ಯುವವಳು ತಾಯಿ. ತಿಂಗಳಾಗುವಷ್ಟರಲ್ಲಿ ಅವಳೇ ಮೀಯಿಸತೊಡಗಿದಳು.

ಜನವರಿಯಲ್ಲಿ ಕುಸುಮಾವತಿಯ ವೀಸಾ ಮುಗಿಯುವುದರಲ್ಲಿತ್ತು. ಅಳಿಯ ಹಾರ್ಬರ್ ಬ್ರಿಜ್ ತೋರಿಸುತ್ತೇನೆ, ನೀಲಿ ಬೆಟ್ಟ ತೋರಿಸುತ್ತೇನೆ ಅಂದ. "ಸೇತುವೆ ನಮ್ಮಲ್ಲೂ ಉಂಟು," ಅಂದಳು ಕುಸುಮಾವತಿ. "ನನ್ನನ್ನು ಮೆಲ್ಬರ್ನಿಗೆ ಕರ್ಕೊಂಡು ಹೋಗಿ."

ಹೋದರು. ಮೊದಲು ಮಣ್ಣು ಮಾಡಿದ ಜಾಗಕ್ಕೆ. ಊರಾಚೆಯ ದೊಡ್ಡ ಸ್ಮಶಾನದ ಒಂದು ಮೂಲೆಯಲ್ಲಿ ಹುಲ್ಲು ಬೆಳೆದ ಬಯಲು. ಹೆರಿಗೆಯಲ್ಲೇ ಹೋದ ಎಳೆಯರನ್ನೆಲ್ಲ ಆಸ್ಪತ್ರೆಯವರು ಅಲ್ಲಿ ಮಲಗಿಸುತ್ತಿದ್ದರು. ಕಲ್ಲಿಲ್ಲ, ಗುರುತಿಲ್ಲ. ಗುರುದತ್ತ ಅಲ್ಲಿ ನಿಂತು ನೋಡಿದ, ಇಲ್ಲಿ ನಿಂತು ನೋಡಿದ. "ಈ ಮರ ಆಗ ಸಣ್ಣದಿತ್ತು. ಆ ಕಡೆಯೋ, ಈ ಕಡೆಯೋ..." ಅಂದವನು ಮರದ ಬುಡದವರೆಗೆ ಹೋಗಿ ಮರಳಿ ಬಂದ. ಅಂದು ಅವನೊಬ್ಬನೇ ಇಲ್ಲಿ ಹೇಗೆ ನಿಂತಿದ್ದನೋ ಅಂದುಕೊಂಡಳು ಕುಸುಮಾವತಿ. ಅಳಿಯನ ಬೆನ್ನು ಸವರಬೇಕು ಅನ್ನಿಸಿ, ಅಭ್ಯಾಸವಿಲ್ಲದೆ, ಅವನ ತೋಳಿನಲ್ಲಿದ್ದ ತುಷಾರನ ಬೆನ್ನು ಸವರಿದಳು.

ಅಲ್ಲಿಂದ ಗ್ಯಾಲರಿಗೆ. ಆ ಚಿತ್ರಗಳು ಈಗ ಗೋಡೆಯ ಮೇಲಿರಲಿಲ್ಲ. ಮೊದಲೇ ಫೋನು ಮಾಡಿ ಕೇಳಿಕೊಂಡರೆ ಒಳಗಿನ ಕೋಣೆಯಲ್ಲಿ ಪೆಟ್ಟಿಗೆಯಿಂದ ತೆಗೆದು ತೋರಿಸುತ್ತಾರಂತೆ. ಗಿರಿಜಾ ಕೇಳಿಕೊಂಡಿದ್ದಳು. ಬೆಳ್ಳಿ ಕೂದಲಿನ ಹೆಂಗಸೊಬ್ಬಳು ಎಲ್ಲರನ್ನೂ ಕೂರಿಸಿ, ಮುಟ್ಟಬಾರದು ಅಂತ ಮೆಲ್ಲಗೆ ಹೇಳಿ, ಒಂದೊಂದೇ ಹಾಳೆಯನ್ನು ಮೇಜಿನ ಮೇಲಿಟ್ಟಳು. ಕುಸುಮಾವತಿ ಎರಡೂ ಕೈಯನ್ನು ತೊಡೆಯಡಿ ಇಟ್ಟುಕೊಂಡು ಕೂತಳು. ತನ್ನ ಕೈಯ ಮೇಲೆ ಅವಳಿಗೆ ಈಗ ನಂಬಿಕೆ ಕಡಿಮೆ.

ಒಂದು ಹಾಳೆಯಲ್ಲಿ ಮುದುಕನೊಬ್ಬ ದಪ್ಪ ಪುಸ್ತಕವೊಂದನ್ನು ಬಾಯಿಗೆ ತುರುಕಿಕೊಳ್ಳುತ್ತಿದ್ದ. ಕಂಬದಂಥ ಕಾಲಿನ ದೇವದೂತ ತಿನ್ನಿಸುತ್ತಿದ್ದ. "ಪರೀಕ್ಷೆಯ ಹಿಂದಿನ ದಿನ ನಿನ್ನ ಅಣ್ಣ ಹೀಗೇ," ಅಂದಳು. ಗಿರಿಜಾ ನಕ್ಕಳು. ಕುದುರೆಯವರು ಬಂದು ಹೋದರು, ಉದುರುವ ನಕ್ಷತ್ರಗಳು ಬಂದು ಹೋದವು. ಕುಸುಮಾವತಿ ಒಂದೊಂದನ್ನೂ ಮರ್ಯಾದೆಯಿಂದ ನೋಡಿದಳು. ಇಷ್ಟು ಕೇಡನ್ನು ಇಷ್ಟು ಸಣ್ಣ ಸಣ್ಣ ಗೆರೆಯಲ್ಲಿ ಕೂತು ಬರೆದವನಿಗೂ ಮನೆಯಲ್ಲಿ ಏನೋ ಆಗಿರಬೇಕು, ಪಾಪ, ಅಂದುಕೊಂಡಳು.

ಆಮೇಲೆ ಆ ಹಾಳೆ ಬಂತು. ಹಾಲಿಲ್ಲದ, ಅರಿಶಿನವಿಲ್ಲದ ಹಳೆಯ ಹಾಳೆ. ಈ ಸಲ ಸರ್ಪದ ಕಡೆ ಅವಳ ಕಣ್ಣು ಹೋಗಲಿಲ್ಲ. ನೆಟ್ಟಗೆ ಮೇಲಕ್ಕೆ ಹೋಯಿತು, ಆ ಬಟ್ಟೆಯ ಮಡಿಲಿಗೆ. ತಾಯಿ ಮಗಳು ಭುಜಕ್ಕೆ ಭುಜ ತಾಗಿಸಿ ಕೂತು ತುಂಬ ಹೊತ್ತು ನೋಡಿದರು. ಗುರುದತ್ತನ ತೋಳಿನಲ್ಲಿ ತುಷಾರ್ ಕೈ ಬಾಯಿಗಿಟ್ಟುಕೊಂಡು ಗುಳುಗುಳು ಸದ್ದು ಮಾಡುತ್ತಿದ್ದ.

ಬೆಳ್ಳಿ ಕೂದಲಿನವಳು ಮಗುವನ್ನು ನೋಡಿ ಮುಗುಳ್ನಕ್ಕಳು. "ಯುವರ್ ಫಸ್ಟ್ ಗ್ರ್ಯಾಂಡ್‌ಚೈಲ್ಡ್?" ಅಂತ ಕುಸುಮಾವತಿಯನ್ನೇ ಕೇಳಿದಳು.

ಗಿರಿಜಾ ಉತ್ತರಕ್ಕೆ ಬಾಯಿ ತೆರೆದಿದ್ದಳು. ಅದಕ್ಕೂ ಮೊದಲೇ ಕುಸುಮಾವತಿ ತನಗೆ ಗೊತ್ತಿದ್ದ ನಾಲ್ಕು ಇಂಗ್ಲಿಷ್ ಮಾತನ್ನು ಒಟ್ಟುಮಾಡಿಕೊಂಡಿದ್ದಳು. "ನೋ. ಸೆಕೆಂಡ್," ಅಂದಳು. "ಫಸ್ಟ್ ಒನ್, ಗರ್ಲ್."

"ಓ, ಹೌ ಲವ್ಲಿ! ವಾಟ್ಸ್ ಹರ್ ನೇಮ್?"

ಕುಸುಮಾವತಿ ಮಗಳ ಕಡೆ ತಿರುಗಿದಳು. ಅವಳಿಗೆ ಗೊತ್ತಿರಲಿಲ್ಲ. ಹೆಸರೊಂದು ಇತ್ತೋ ಇಲ್ಲವೋ ಅದೂ ಗೊತ್ತಿರಲಿಲ್ಲ.

"ಹೆಸರು ಕೇಳ್ತಿದ್ದಾರೆ ಮಗಾ," ಅಂದಳು ಮೆಲ್ಲಗೆ.

ಗಿರಿಜಾ ಗಂಡನ ಮುಖ ನೋಡಿದಳು. ಅವನು ತಲೆಯಾಡಿಸಿದ.

"ದೀಕ್ಷಿತಾ," ಅಂದಳು.

ಬೆಳ್ಳಿ ಕೂದಲಿನವಳು ಅದನ್ನು ಹೇಳಲು ಹೋಗಿ ನಡುವೆ ಎಡವಿದಳು, ನಕ್ಕು ಕ್ಷಮೆ ಕೇಳಿ ಮತ್ತೊಮ್ಮೆ ಪ್ರಯತ್ನಿಸಿದಳು. ಕುಸುಮಾವತಿ ತೊಡೆಯಡಿಯಿಂದ ಕೈ ತೆಗೆದು, ಮೇಜಿನ ಮೇಲೆ ಬಗ್ಗಿ, ಒಂದನೇ ಕ್ಲಾಸಿನ ಮಕ್ಕಳಿಗೆ ಕಲಿಸುವ ಹಾಗೆ ಬಿಡಿಸಿ ಬಿಡಿಸಿ ಹೇಳಿಕೊಟ್ಟಳು.

"ದೀ. ಕ್ಷಿ. ತಾ. ಮೈ ಗ್ರ್ಯಾಂಡ್‌ಡಾಟರ್."